ನಿನ್ನ ಬದಲು ಬಂದ ಸ್ವಾಮಿ

ಹೊಲಿಗೆ ಅಂಗಡಿಯ ಹಿಂದಿನ ಮನೆ
ಆಗಸ್ಟ್ ಇಪ್ಪತ್ತಾರು, ಮಂಗಳವಾರ

ಪ್ರೀತಿಯ ತಮ್ಮಾ,

ನೀನು ಸನ್ಯಾಸಿಯಾದ ಮೇಲೆ ಸ್ವಾಮೀಜಿ ಎಂದೇ ಬರೆಯಬೇಕಂತೆ, ಕೈ ಏಳುತ್ತಿಲ್ಲ. ನಿನ್ನ ಮೂಗು ಒರೆಸಿದ ಕೈ ಇದು. ಹೇಗಿದ್ದೀಯ? ಕೆಮ್ಮು ಹೋಯಿತೇ? ದಿನವಿಡೀ ನೆರೆ ನೀರಿನಲ್ಲಿ ನಿಲ್ಲುವವನು ಕಾಲಿಗೆ ಎಣ್ಣೆ ಹಚ್ಚಿಕೋ, ಇಲ್ಲದಿದ್ದರೆ ಬೆರಳ ಸಂದು ಕೊಳೆಯುತ್ತದೆ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಮೊದಲಿನಷ್ಟೇ, ಬಾಯಿ ಮಾತ್ರ ಮೊದಲಿಗಿಂತ ಚುರುಕು. ಕ್ಷೇಮಸಮಾಚಾರ ಇಷ್ಟೇ. ಇನ್ನು ಮುಂದಿನದೆಲ್ಲ ಸಿಟ್ಟು, ಕೂತು ಓದು.

ಹೊಳೆ ಒಡ್ಡು ಒಡೆದು ನುಗ್ಗಿದ್ದು ಆಚೆ ವಾರದ ಗುರುವಾರ ಬೆಳಗ್ಗೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಂಗಡಿಗೆ ಎದೆಯುದ್ದ ನೀರು. ಗಿರಾಕಿಗಳ ಬಟ್ಟೆಯ ಗಂಟನ್ನೂ ಅಮ್ಮನನ್ನೂ ಎಳೆದುಕೊಂಡು ತಾರಸಿ ಹತ್ತಿದೆ. ಅಲ್ಲಿ ಎರಡು ದಿನ ಕಳೆದೆವು. ಪಕ್ಕದ ತಾರಸಿಯವರು ಅಳುತ್ತಿದ್ದರೆ ಅಮ್ಮ ಅವರಿಗೇ ಧೈರ್ಯ ಹೇಳುತ್ತಿದ್ದಳು. "ನನ್ನ ಮಗ ಬರ್ತಾನೆ. ಊರೋರನ್ನೆಲ್ಲ ಎತ್ತೋನು ಹೆತ್ತೋಳನ್ನ ಬಿಡ್ತಾನಾ?" ಶನಿವಾರ ಮಧ್ಯಾಹ್ನ ದೋಣಿಯೊಂದರಲ್ಲಿ ಕಾವಿ ಬಟ್ಟೆ ಕಂಡಿತು. ಅಮ್ಮ ಎದ್ದು ನಿಂತು, ನಿನ್ನನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು ಹಿಡಿದು ಕೂಗಿದಳು. ಹತ್ತಿರ ಬಂದರೆ ನೀನಲ್ಲ! ನಿಮ್ಮ ಮಠದವರೇ, ಅರವತ್ತರ ಆಸುಪಾಸಿನ ಬಡಕಲು ಸ್ವಾಮಿ, ದಪ್ಪ ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡವರು. ಅಮ್ಮನ ಮುಖ ನೋಡಲಾಗಲಿಲ್ಲ. ಕುಸಿದು ಕೂತವಳು, "ನನ್ನ ಮಗ ಬರೋವರೆಗೂ ನಾನು ಏಳೋಳಲ್ಲ" ಎಂದು ಹಟ ಹಿಡಿದಳು. ಆ ಮನುಷ್ಯ ವಾದಕ್ಕೆ ನಿಲ್ಲಲಿಲ್ಲ. ಅವಳ ಮುಂದೆ ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತು, "ಆಗ್ಲಿ ತಾಯಿ, ಅವನು ಬರೋವರೆಗೆ ಇಲ್ಲಿ ಕೂತಿರಿ" ಎಂದರು. ಹಾಗೇ ಹೊತ್ತು ಇಳಿಸಿದರು.

ಶಾಲೆಯಲ್ಲಿ ಶಿಬಿರ ಹಾಕಿದ್ದರು. ಸುಳ್ಳೇಕೆ ಹೇಳಲಿ, ಸಾಲು ನೋಡಿ ನಾನು ನಿನ್ನ ಹೆಸರು ಮಾರಿಕೊಂಡೆ. ನಾವು ಇಂಥ ಸ್ವಾಮಿಯ ತಾಯಿ, ಅಕ್ಕ, ನಮಗೆ ಮೊದಲು ಕಂಬಳಿ ಕೊಡಿ ಎಂದೆ. ಕನ್ನಡಕದ ಸ್ವಾಮಿಗೆ ಎಷ್ಟು ಸಂತೋಷವಾಯಿತೆಂದರೆ, "ಹಾಗಾದ್ರೆ ನೀವು ನಮ್ಮೋರೇ! ಕೆಲ್ಸಕ್ಕೆ ಜನ ಸಾಲ್ದಾಗಿತ್ತು" ಎಂದು, ನೀರು ಇಳಿದ ಮೇಲೆ ಕೆಸರಿನಿಂದ ನನ್ನ ಹೊಲಿಗೆ ಮಿಷನ್ ಎತ್ತಿಸಿ, ತೊಳೆಸಿ, ಎಣ್ಣೆ ಬಿಡಿಸಿ, ಖಾಲಿ ಗೋಣಿಚೀಲಗಳ ಗುಡ್ಡೆಯ ಮುಂದೆ ನನ್ನನ್ನು ಕೂರಿಸಿದರು. ಮೂರು ದಿನ ಹಾಸಿಗೆ ಹೊಲಿದೆ! ಕಂಬಳಿ ಸಿಕ್ಕಿದ್ದು ಎಲ್ಲರಿಗಿಂತ ಕೊನೆಗೆ. ಅವರಾದರೂ ಮಾಡುತ್ತಿದ್ದುದೇನು? ಪಾಯಿಖಾನೆ ತೊಳೆಯುವುದು. ಬೈಯೋಣವೆಂದು ಹೋದವಳು ಬಕೆಟ್ ಹಿಡಿದು ನಿಲ್ಲಬೇಕಾಯಿತು.

ಇಷ್ಟರಲ್ಲಿ ನಮ್ಮ ಬೀದಿಯ ಪುಢಾರಿ ಫೋಟೋದವನನ್ನು ಕರೆದುಕೊಂಡು ಬಂದ, ಇಸ್ತ್ರಿ ಕೆಡದ ಅಂಗಿ ಹಾಕಿಕೊಂಡು. ಕಂಬಳಿಗಳನ್ನು ತನ್ನ ಕೈಯಿಂದಲೇ ಹಂಚಬೇಕಂತೆ. ಸ್ವಾಮಿ ನಗುತ್ತಾ, "ಬಂದಿದ್ದು ಒಳ್ಳೇದಾಯ್ತು, ಸಲಿಕೆ ಅಲ್ಲಿದೆ" ಎಂದರು. ಅವನ ಮುಖ ಹರಳೆಣ್ಣೆ ಕುಡಿದಂತಾಯಿತು. ಮರುದಿನ ಬೆಳಗ್ಗೆ ಶಾಲೆ ಖಾಲಿ ಮಾಡಿ ಎಂಬ ಆದೇಶ. ಮಕ್ಕಳಿಗೆ ಪಾಠ ತಪ್ಪುತ್ತದಂತೆ! ಬೆಂಚುಗಳೇ ತೇಲಿಹೋದ ಶಾಲೆಯಲ್ಲಿ! ನನಗೆ ಮೈಯೆಲ್ಲ ಉರಿಯಿತು. ಸ್ವಾಮಿ ಮಾತ್ರ, ಬೇರೆ ಗೋದಾಮು ಹುಡುಕೋಣ ಎಂದು ಪಾತ್ರೆ ಕಟ್ಟಿಸತೊಡಗಿದರು. ಬೀಗ ಹಿಡಿದು ಬಂದವನನ್ನು ತಡೆದದ್ದು ಅಮ್ಮ. ಗೇಟಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಳು. "ನನ್ನ ಎತ್ತಿ ಆಚೆ ಇಡು, ಆಮೇಲೆ ಬೀಗ ಹಾಕು. ನಾನೇನು ಹಗುರ ಇಲ್ಲ, ಆ ಸ್ವಾಮೀನ ಕೇಳು." ಒಬ್ಬೊಬ್ಬರಾಗಿ ಹೆಂಗಸರೆಲ್ಲ ಅವಳ ಸುತ್ತ ಕೂತರು. ಬೀಗದವನು ಮಧ್ಯಾಹ್ನದವರೆಗೆ ನಿಂತು, ನಮ್ಮ ಪಂಕ್ತಿಯಲ್ಲೇ ಉಂಡು, ಬೀಗ ಜೇಬಿಗಿಟ್ಟುಕೊಂಡು ಹೋದ. ಆದೇಶದ ಸುದ್ದಿ ಮತ್ತೆ ಬರಲಿಲ್ಲ.

ಅಂದು ಸ್ವಾಮಿಯನ್ನು ನೇರವಾಗಿ ಕೇಳಿಯೇಬಿಟ್ಟೆ, ನಮ್ಮ ಹುಡುಗನನ್ನು ಇಲ್ಲಿಗೇಕೆ ಕಳಿಸಲಿಲ್ಲ ಎಂದು. "ಸ್ವಂತ ಊರಿಗೆ ನಮ್ಮನ್ನ ಕಳಿಸಲ್ಲಮ್ಮ. ಕಣ್ಣು ಮೊದಲು ನಮ್ಮನೆ ಕಡೇಗೇ ಓಡತ್ತೆ, ಪಕ್ಕದ ಮನೆ ಅಜ್ಜಿ ಕಾಯ್ತಾನೇ ಇರ್ತಾಳೆ" ಎಂದರು. ಮಾತು ಒಪ್ಪುವಂಥದ್ದೇ. ಆದರೂ ಹೇಳುತ್ತೇನೆ, ಆ ತಾರಸಿಯ ಮೇಲೆ ಅಮ್ಮನ ಮುಖ ನೋಡಿದವಳು ನಾನು, ಆ ನಿಯಮ ಬರೆದವರಲ್ಲ. ನಿನ್ನನ್ನು ಇನ್ನೂ ಕ್ಷಮಿಸಿಲ್ಲ.

ಆದರೂ ದೇವರು ನಿನ್ನ ಕೈಗೆ ಬಲ ಕೊಡಲಿ, ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಅನ್ನ ಕೊಡಲಿ. ಅಮ್ಮನ ಆಶೀರ್ವಾದ ಇದೆ, ಬೈಗುಳವೂ.

ನಿನ್ನ ಅಕ್ಕ

ಮ.ವಿ.: ಲಕೋಟೆ ಅಂಟಿಸುವ ಹೊತ್ತಿಗೆ ಮಠದ ಲಾರಿಯ ಚಾಲಕ ಹರಿದ ಅಂಗಿ ಹಿಡಿದು ಬಂದ. ಬಾಯಿ ಬಿಡಿಸಿದೆ. ಕನ್ನಡಕದ ಸ್ವಾಮಿ ಹುಟ್ಟಿದ ಊರು ಯಾವುದು ಗೊತ್ತೇ? ಈಗ ನೀನಿರುವ ಊರು! ಅವರ ತಾಯಿಗೆ ಎಂಬತ್ತೇಳು, ತಂಗಿಯ ಜೊತೆ ಇದ್ದಾರಂತೆ. ಹತ್ತು ದಿನದಿಂದ ಸುದ್ದಿಯಿಲ್ಲ. ಈ ಮಹಾನುಭಾವ ಯಾರನ್ನೂ ಕೇಳಿಲ್ಲ. ಹಳೆಯ ಹತ್ತಿ ಗಿರಣಿಯ ಹಿಂದಿನ ಓಣಿ, ನೀಲಿ ಬಾಗಿಲು. ಇಬ್ಬರಿಗೂ ಕಿವಿ ಕೇಳಿಸದು, ಹೊರಗೆ ನಿಂತು ಕೂಗಿ ಬರಬೇಡ, ಒಳಗೆ ಹೋಗಿ ನೋಡು. ಚಾಲಕ ಈಗಲೇ ನಿಮ್ಮ ಕಡೆ ಹೊರಟಿದ್ದಾನೆ, ಕಾಗದ ಅವನ ಕೈಲೇ ಕೊಡುತ್ತಿದ್ದೇನೆ. ಓದಿದ ತಕ್ಷಣ ಹೋಗು. ಏನಾಗಿದೆಯೆಂದು ಅವನ ಕೈಲೇ ಒಂದು ಸಾಲು ಬರೆದು ಕಳಿಸು. ಸ್ವಾಮಿ ಬೇಡವೆಂದರೂ ನಾನು ಅವರ ಮುಂದೆ ಗಟ್ಟಿಯಾಗಿ ಓದುತ್ತೇನೆ.