ಕೂದಲು ಒಣಗುವ ತನಕ

ಶಿರಾ ದಾರಿಯ ಗಾಡಿ ನಿಲ್ದಾಣ
ಇಸವಿ 2187, ಹದಿಮೂರನೆಯ ತಿಂಗಳು, ಮಂಗಳವಾರ

ಆಂಬ್ಯುಲೆನ್ಸ್ ಓಡಿಸುವವರೇ, ಅದರ ಹಿಂದೆ ಕೂತು ಜೀವ ಹಿಡಿಯುವವರೇ,

ತಾರೀಕು ನೋಡಿ ನಗಬೇಡಿ. ಬೇಸಿಗೆಗೆ ಹನ್ನೆರಡು ತಿಂಗಳು ಸಾಲದೆ ನಾವು ಇನ್ನೊಂದು ಸೇರಿಸಿಕೊಂಡಿದ್ದೇವೆ. ನಿಮಗೆ ತಿಳಿಯದ ಪದ ಬಂದರೆ ಮನ್ನಿಸಿ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ವಯಸ್ಸಿನಲ್ಲಿ ನೀವು ನನ್ನ ಮೊಮ್ಮಕ್ಕಳು, ಕಾಲದಲ್ಲಿ ನೂರೈವತ್ತು ವರ್ಷಕ್ಕೂ ಹಿಂದಿನ ನನ್ನ ಹಿರಿಯರು. ಹಾಗಾಗಿ ಕೈಮುಗಿದೇ ಬೈಯುತ್ತೇನೆ.

ನಾನು ಇಲ್ಲಿನ ನೀರಜ್ಜಿ. ಪ್ರತಿ ಆಂಬ್ಯುಲೆನ್ಸ್ ನಿಲ್ದಾಣದಲ್ಲೂ ಒಬ್ಬಳು ಇರಬೇಕೆಂದು ಕಾನೂನು. ಸಾವಿನ ಮನೆಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟುವುದಿಲ್ಲ, ಅಲ್ಲವೇ? ಗಾಡಿಯಲ್ಲಿ ಜೀವ ಹೋದರೆ ಗಾಡಿಯವರಿಗೂ ಅದೇ ಎಂದು ಹಿಂದಿನವರು ಜಗಳವಾಡಿ ಬರೆಸಿದರು. ಹಂಡೆಯಲ್ಲಿ ನೀರು ಕಾಯಿಸಿ ತಲೆಗೆ ಹೊಯ್ಯುತ್ತೇನೆ, ರಾಗಿ ಗಂಜಿ ಕೊಟ್ಟು ಜಗುಲಿಯ ಮೇಲೆ ಕೂರಿಸುತ್ತೇನೆ. ಅತ್ತರೆ ಅಳಲಿ, ಮಾತಾಡಿದರೆ ಕೇಳುತ್ತೇನೆ. ಅದಕ್ಕೆ ‘ಒಣಗುಹೊತ್ತು’ ಎನ್ನುತ್ತೇವೆ: ಕೂದಲು ಒಣಗುವ ತನಕ ಅವರನ್ನು ಯಾರೂ ಕರೆಯುವಂತಿಲ್ಲ, ಗಾಡಿಯನ್ನು ಬದಲಿ ಜೋಡಿ ನೋಡಿಕೊಳ್ಳುತ್ತದೆ. ಡ್ರೈವರ್ ಮೂಡ್ಲಪ್ಪನ ತಲೆ ಬೋಳು. ಅವನಿಗೆ ಟವೆಲ್ಲು ಒಣಗುವ ತನಕ.

ಹೋದ ವಾರ ದೇವೀರಿ ಬಂದಳು, ಗಾಡಿಯ ಹಿಂದೆ ಕೂರುವ ಹುಡುಗಿ. ಒಬ್ಬ ಗಾರೆ ಮೇಸ್ತ್ರಿ ದಾರಿಯಲ್ಲೇ ತೀರಿಕೊಂಡಿದ್ದ. ತಡವಾಗಿ ಬಂದಿರೆಂದು ಅವನ ಕಡೆಯವರು ಇವಳ ಕೆನ್ನೆಗೆ ಹೊಡೆದಿದ್ದರು. ಮನುಷ್ಯರ ಆ ಚಾಳಿ ಇನ್ನೂ ಹೋಗಿಲ್ಲ. “ಏನಿಲ್ಲ ಬುಡಜ್ಜಿ” ಅಂದಳು. ಕೈ ನಡುಗಿ ಅಂಗಿಯ ಗುಂಡಿ ಬಿಚ್ಚಲಾಗುತ್ತಿರಲಿಲ್ಲ.

ಮಿಂದು, ಬೇರೆ ಬಟ್ಟೆ ಉಟ್ಟು ಜಗುಲಿಗೆ ಬಂದು ಕೂತಿದ್ದಳಷ್ಟೆ, ಮುಂದಿನ ಕರೆ ಬಂದಿದೆಯೆಂದು ವೇಳೆಗಾರ ಬಂದ. ನಿಮಿಷ ಎಣಿಸುವ ಸಾಹೇಬನಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಕೈಯಲ್ಲಿ ಬಿಸಿಗಾಳಿ ಊದುವ ಮಿಷಿನ್ನು. “ಐದೇ ನಿಮಿಷಕ್ಕೆ ಒಣಗ್ತದೆ ಅಜ್ಜಿ, ಕಾನೂನೇನೂ ಮುರ್ದಂಗಾಗಲ್ಲ.” ನಾನು ದೇವೀರಿಯ ತಲೆಗೆ ಒಂದು ತಂಬಿಗೆ ಹೊಯ್ದೆ. ಅವನು ಊದಿದ. ನಾನು ಮತ್ತೆ ಹೊಯ್ದೆ. ಉಟ್ಟ ಬಟ್ಟೆಯೂ ನೆನೆಯಿತು, ನೆನೆಯಲಿ.

“ಅಲ್ಲಿ ಯಾರೋ ಸಾಯ್ತಾವ್ರೆ ಕಣಜ್ಜಿ!” ಎಂದು ಕೂಗಿದ.

“ಈ ನಡುಗೋ ಕೈಲಿ ನಿನ್ನ ಮಗಂಗೆ ಸೂಜಿ ಚುಚ್ಚುಸ್ತೀಯೇನ್ಲಾ? ಬದಲಿ ಜೋಡೀನ ದಂಡ ಅಂತ ಮನೆಗ್ ಕಳಿಸ್ದೋನು ನೀನು. ಕರ್ಸು!”

ಕರೆಸಿದ. ಅವರು ಓಡಿ ಬಂದು ಗಾಡಿ ಹತ್ತಿದರು. ಗಾಡಿ ಹೋದ ಮೇಲೆ ದೇವೀರಿ ಅತ್ತಳು.

ಈಗ ನನಗೆ ನೋಟಿಸು ಬಂದಿದೆ. ನೀರೊಲೆ ಆರಿಸಬೇಕಂತೆ, ಒಣಗುಹೊತ್ತನ್ನು ಕಾನೂನಿನಿಂದಲೇ ಕಿತ್ತುಹಾಕುತ್ತಾರಂತೆ. ನಾಳೆ ತುಮಕೂರಿನಲ್ಲಿ ವಿಚಾರಣೆ. ಸುತ್ತಲ ಏಳು ನಿಲ್ದಾಣದ ನೀರಜ್ಜಿಯರೂ ನನ್ನೊಂದಿಗೆ ಹೊರಟಿದ್ದಾರೆ. ಹೊಡೆತ ತಿಂದ ಕಥೆಯನ್ನು ತಾನೇ ಹೇಳುತ್ತೇನೆಂದು ದೇವೀರಿ ಹಟ ಹಿಡಿದಿದ್ದಾಳೆ.

ನಿಮ್ಮ ಪಾಡು ಕೇಳಿ ಬಲ್ಲೆ. ಗಾಡಿಯ ನೆತ್ತರು ತೊಳೆದ ಕೈ ಒರೆಸಿಕೊಳ್ಳುವ ಮೊದಲೇ ಮುಂದಿನ ಫೋನು. ಅದರ ನಾಚಿಕೆ ನಿಮಗಲ್ಲ, ಕಳಿಸುವವರಿಗೆ. ಆದರೆ ಬಾಯಿ ಮುಚ್ಚಿಕೊಂಡವರಿಗೆ ಯಾರೂ ಬಡಿಸುವುದಿಲ್ಲ. ನಮ್ಮ ಕಾನೂನು ಬರೆಸಿದವರು ನಿಮ್ಮ ಕಾಲದವರೇ. ಕಡತದಲ್ಲಿ ಹೆಸರು ಅಳಿಸಿಹೋಗಿದೆ. ಅವರು ನೀವೇ ಇರಬೇಕು ಎಂದುಕೊಂಡು ಈ ಕಾಗದ ಬರೆದೆ. ನೀರು ಕೇಳಿ, ಬದಲಿ ಜೋಡಿ ಕೇಳಿ. ಒಬ್ಬರೇ ಹೋದರೆ ಗದರಿಸಿ ಕಳಿಸುತ್ತಾರೆ. ಹತ್ತು ಜನ ಹೋಗಿ ಬಾಗಿಲಿಗೆ ಅಡ್ಡ ಕೂರಿ. ಈಗ ನೀವು ಕೂರದಿದ್ದರೆ, ನಾಳೆ ತುಮಕೂರಿನಲ್ಲಿ ಎತ್ತಿ ತೋರಿಸಲು ನನ್ನ ಕೈಯಲ್ಲಿ ಕಾನೂನೇ ಇರುವುದಿಲ್ಲ.

ನೀರಜ್ಜಿ ಓಬಳಮ್ಮ