ಇನ್ನು ಮೇಲೆ ಕುಂಬಳಕಾಯಿ ತಟ್ಟಬೇಡಿ

ಮಂಗಳವಾರ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ

ಆಸ್ಪತ್ರೆ ಅಡುಗೆಮನೆಗೆ ತರಕಾರಿ ತರುವವರಿಗೆ, ಅಂದರೆ ನನ್ನ ಗಂಡ ಅನ್ನಿಸಿಕೊಂಡವರಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಅಕ್ಕನ ಮನೆಯಲ್ಲಿ ನಾನು ಹೇಗಿದ್ದೇನೆ ಎಂದು ನೀವೂ ಕೇಳಿಲ್ಲ. ಬೆಳಿಗ್ಗೆ ನಾನು ಕೆಲಸಕ್ಕೆ ಬರುವ ಮೊದಲೇ ಹಿಂಬಾಗಿಲಲ್ಲಿ ಬುಟ್ಟಿ ಇಟ್ಟು ಮಾಯವಾಗುತ್ತೀರಲ್ಲ, ನೀವು ವಾಪಸ್ ಒಯ್ಯುವ ಆ ಖಾಲಿ ಬುಟ್ಟಿಯಲ್ಲೇ ಈ ಕಾಗದ ಇಡುತ್ತಿದ್ದೇನೆ.

ನಿನ್ನೆಯ ಕುಂಬಳಕಾಯಿ ಹೊರಗೆ ಮಿರಮಿರ ಮಿಂಚುತ್ತಿತ್ತು. ಕತ್ತರಿಸಿದರೆ ಒಳಗೆ ಸೌತೆಕಾಯಿಯ ಬಣ್ಣ, ಬರೀ ನೀರು. ಏನು ಕೊಟ್ಟರೂ ತಿನ್ನುವ ಮೂಲೆ ಹಾಸಿಗೆಯ ಅಜ್ಜಿ ಕೂಡ, ಇದು ಊಟಾನೋ ಔಷಧೀನೋ ಅಂತ ಕೇಳಿದಳು. ಮೇಲ್ವಿಚಾರಕರು ತಟ್ಟೆ ಹಿಡಿದುಕೊಂಡೇ ಒಳಗೆ ಬಂದರು. ಇನ್ನೊಂದು ಸಲ ಹೀಗಾದರೆ ತರಕಾರಿ ತರಲು ಬೇರೆಯವರನ್ನು ಇಡುತ್ತಾರಂತೆ. ಕೆಲಸ ನಿಮ್ಮದು, ಬೈಗುಳ ನನಗೆ.

ಮಾರುಕಟ್ಟೆಯಲ್ಲಿ ನಿಮಗೆ ತಟ್ಟಣ್ಣ ಎಂದೇ ಹೆಸರಿತ್ತು. ಬೆರಳ ಗಿಣ್ಣಿನಿಂದ ಒಮ್ಮೆ ತಟ್ಟಿ, ಕಿವಿಯಿಟ್ಟು, ಇದು ಬಲಿತಿದೆ, ಅದು ಎಳಸು ಎಂದು ಹೇಳಿಬಿಡುತ್ತಿದ್ದಿರಿ. ಅಂಥವರು ಸಾಲಾಗಿ ಎಳೆಕಾಯಿ ತಂದು ಸುರಿದರೆ ಏನೆಂದುಕೊಳ್ಳಲಿ? ಬೇಕೆಂದೇ ಮಾಡುತ್ತಿದ್ದಾರೆ, ಮನೆ ಬಿಟ್ಟುಬಂದದ್ದಕ್ಕೆ ಸೇಡು ಎಂದು ಅಡುಗೆಮನೆಯಲ್ಲೆಲ್ಲ ಹೇಳಿಕೊಂಡು ಬಂದೆ.

ನಾನೇನು ಸುಮ್ಮನೆ ಬಿಟ್ಟುಬಂದೆನೇ? ಕೈಮೇಲೆ ಕಾದ ಎಣ್ಣೆ ಚೆಲ್ಲಿದ ದಿನ, ರೀ, ರೀ ಎಂದು ಬಾಯಿ ಬಡಿದುಕೊಂಡೆ. ನೀವು ಅದೇ ಕೋಣೆಯಲ್ಲಿ ಬೆನ್ನು ಹಾಕಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದಿರಿ. ತಣ್ಣೀರು ತಂದು ಹಾಕಿದ್ದು ಪಕ್ಕದ ಮನೆಯ ದರ್ಜಿ. ಆ ಸಿಟ್ಟು ಇನ್ನೂ ಇಳಿದಿಲ್ಲ, ಕೈಯ ಕಲೆಯೂ ಹೋಗಿಲ್ಲ.

ಇರಲಿ. ಈಗ ಹೇಳುವುದನ್ನು ಸರಿಯಾಗಿ ಓದಿ. ಮಿಂಚುವುದನ್ನು ಮುಟ್ಟಬೇಡಿ; ಬಲಿತ ಕಾಯಿಯ ಸಿಪ್ಪೆ ಮಂಕಾಗಿರುತ್ತದೆ. ಉಗುರು ಒತ್ತಿ ನೋಡಿ, ಗುರುತು ಬಿದ್ದರೆ ಎಳಸು. ತೊಟ್ಟು ಒಣಗಿ ಕಟ್ಟಿಗೆಯಾಗಿರಬೇಕು. ತೊಟ್ಟು ಮುರಿದದ್ದು ಪುಕ್ಕಟೆ ಕೊಟ್ಟರೂ ಬೇಡ, ಅಲ್ಲಿಂದಲೇ ಕೊಳೆಯುತ್ತದೆ. ಮಗುಚಿ ನೋಡಿ, ನೆಲಕ್ಕೆ ಒರಗಿದ ಕಡೆ ಬಿಳಿಚಿಕೊಂಡಿದ್ದರೆ ಬಿಡಿ, ಗಾಢ ಹಳದಿಯಾಗಿದ್ದರೆ ಹಿಡಿಯಿರಿ. ಒಂದೇ ಗಾತ್ರದ ಎರಡನ್ನು ಎರಡು ಕೈಯಲ್ಲೆತ್ತಿ, ಭಾರದ್ದನ್ನು ತನ್ನಿ. ಕತ್ತರಿಸಿಟ್ಟ ಹೋಳಾದರೆ ಬೀಜ ನೋಡಿ; ದಪ್ಪಗೆ ತುಂಬಿಕೊಂಡಿರಬೇಕು. ಇಷ್ಟಕ್ಕೆ ಕಣ್ಣು, ಕೈ ಸಾಕು. ತಟ್ಟುವ ನಾಟಕ ಮಾತ್ರ ಇನ್ನು ಬೇಡ.

ಇದನ್ನು ಓದಿದ ಮೇಲೂ ಎಳೆಕಾಯಿ ಬಂದರೆ ಮೇಲ್ವಿಚಾರಕರ ಮುಂದೆ ನಿಮ್ಮ ಪರವಾಗಿ ತುಟಿ ಬಿಚ್ಚುವುದಿಲ್ಲ.

ಇನ್ನೂ ಸಿಟ್ಟು ಇಳಿಯದ,
ಸುಟ್ಟ ಕೈಯವಳು

ತಾ.ಕ.: ಸೇಡನ್ನು ಕಣ್ಣಾರೆ ಕಂಡು ನಿಮ್ಮನ್ನು ಹಿಡಿದುಹಾಕೋಣ ಎಂದು ಇವತ್ತು ಬೆಳಿಗ್ಗೆ ಮಾರುಕಟ್ಟೆಗೆ ಬಂದಿದ್ದೆ. ನೀವು ಕಾಯಿ ತಟ್ಟಿದಿರಿ, ಕಿವಿಯಿಟ್ಟಿರಿ, ಆಮೇಲೆ ಮಾರುವವಳ ಮುಖ ನೋಡಿದಿರಿ. ಅವಳು ತಲೆ ಆಡಿಸಿದ ಮೇಲೆ ಬುಟ್ಟಿಗೆ ಹಾಕಿದಿರಿ. ಬೆನ್ನ ಹಿಂದೆಯೇ ನಿಂತು ರೀ ಎಂದೆ. ಗಟ್ಟಿಯಾಗಿ ಕರೆದೆ. ಸುತ್ತಲಿದ್ದವರೆಲ್ಲ ತಿರುಗಿದರು, ನೀವು ತಿರುಗಲಿಲ್ಲ. ಇದೇ ಆಸ್ಪತ್ರೆಯ ಕಿವಿ ವೈದ್ಯರಿಗೆ ಗುರುವಾರಕ್ಕೆ ಹೇಳಿಟ್ಟಿದ್ದೇನೆ, ಅವತ್ತು ಹಿಂಬಾಗಿಲಲ್ಲಿ ಕಾಯಿರಿ. ಆದರೆ ಒಂದು ಮಾತು. ಹೆಂಡತಿ ಮನೆ ಬಿಟ್ಟು ಹೋದರೂ ಪರವಾಗಿಲ್ಲ, ಕಿವಿ ಹೋದದ್ದು ಅವಳಿಗೆ ತಿಳಿಯಬಾರದು ಎಂದು ಬಾಯಿ ಮುಚ್ಚಿಕೊಂಡಿರಲ್ಲ, ಅದನ್ನು ನಾನು ಕ್ಷಮಿಸುವುದಿಲ್ಲ.