ರಸ್ತೆಯಲ್ಲಿ ನಿಂತು ತೆಗೆದ ಫೋಟೋ

ಅಮ್ಮಾ,

ಬೈಯಬೇಡ, ಮೊದಲು ಪೂರ್ತಿ ಓದು. ನೀನು ಹಗ್ಗದಲ್ಲಿ ನೇತಾಡಿಕೊಂಡು ಆ ದೊಡ್ಡ ಕಟ್ಟಡದ ಗಾಜು ಒರೆಸುವುದನ್ನು ಹೋದ ವಾರ ಫೋಟೋ ತೆಗೆದೆ. ಫೋಟೋಗ್ರಫಿ ಕ್ಲಬ್ಬಿನ ಗೆಳತಿಯರೂ ಜೊತೆಗಿದ್ದರು. ನೀನು ಹೇಳಿಕೊಟ್ಟ ಹಾಗೆ ಅವರಿಗೆ ಅಮ್ಮನದು ಆಫೀಸ್ ಕೆಲಸ ಎಂದೇ ಹೇಳಿದ್ದೆ.

ಅಷ್ಟರಲ್ಲಿ ಸೆಕ್ಯುರಿಟಿಯವರು ಓಡಿಬಂದರು. "ಏಯ್, ಇಲ್ಲಿ ಫೋಟೋ ತೆಗೀಬಾರ್ದು! ಡಿಲೀಟ್ ಮಾಡು!"

ನನ್ನ ಬಾಯಿ ಸುಮ್ಮನಿರಲಿಲ್ಲ. "ಅಂಕಲ್, ನಾನು ನಿಂತಿರೋದು ಪಬ್ಲಿಕ್ ರೋಡಲ್ಲಿ. ಬಿಲ್ಡಿಂಗ್ ನಿಮ್ದೇ ಇರ್ಲಿ, ಅಲ್ಲಿ ಮೇಲಿರೋದು ನಮ್ಮಮ್ಮ!"

ಗೆಳತಿಯರೆಲ್ಲ ಕತ್ತೆತ್ತಿ ನೋಡಿದರು. ಸೆಕ್ಯುರಿಟಿಯವರೂ ನೋಡಿದರು. "ಓಹೋ, ಅವ್ರಾ? ಗಾಳಿ ಬೀಸಿದ್ರೂ ಹಾಡ್ಕೊಂಡೇ ಒರೆಸ್ತಾರಲ್ಲ! ಈ ಕಡೆ ಬಾರಮ್ಮ, ಇಲ್ಲಿಂದ ಮುಖ ಚೆನ್ನಾಗಿ ಕಾಣುತ್ತೆ."

ಆ ಫೋಟೋ ಕಾಲೇಜಿನ ಎಕ್ಸಿಬಿಷನ್‌ಗೆ ಸೆಲೆಕ್ಟ್ ಆಗಿದೆ. ಕೆಳಗೆ "ನಮ್ಮಮ್ಮ" ಎಂದು ಬರೆಯುವ ಆಸೆ. ರಸ್ತೆ ಎಲ್ಲರದಾದರೂ ಮುಖ ನಿನ್ನದು. ಶನಿವಾರದೊಳಗೆ ಫೋನ್ ಮಾಡಿ ಹೂಂ ಅನ್ನು. ಬೇಡ ಅಂದರೆ ನಾನೇ ಡಿಲೀಟ್ ಮಾಡುತ್ತೇನೆ, ಆದರೆ ಯಾರಿಗೋ ಹೆದರಿಕೊಂಡು ಅಲ್ಲ.

ಬೆಲ್ಟ್ ಬಿಗಿಯಾಗಿ ಹಾಕಿಕೋ.

ಇಂತಿ,
ಕೆಳಗೆ ನಿಂತೇ ತಲೆ ತಿರುಗಿದ
ನಿನ್ನ ಮಗಳು